ಜವಾರಿ

"ಆಯೀ..." ಎಂದು ಒಂದು ಮಗು ಕೂಗಿತು. ಮಿರಜದ ಆಸ್ಪತ್ರೆಯೊಂದರ ಮೂರನೇ ಮಹಡಿ, ಬೆಳಗಿನ ಆರು ಗಂಟೆ, ನನ್ನ ಕೈಯಲ್ಲಿ ಬಿಸಿನೀರಿನ ಥರ್ಮಾಸು. ಗಕ್ಕನೆ ತಿರುಗಿ ನೋಡಿದೆ. ನಮ್ಮ ಕಡೆ ಆಯಿ ಎಂದರೆ ಅವ್ವನ ಅವ್ವ. ನನ್ನ ಆಯಿ ತೀರಿಕೊಂಡು ಮೂವತ್ತು ವರ್ಷ ದಾಟಿತು. ಆದರೂ ಆ ಕೂಗಿಗೆ ಇಳಕಲ್ ಸೀರೆಯ ಮುದುಕಿಯೊಬ್ಬಳು "ಏನವಾ" ಎಂದು ಓಗೊಟ್ಟು ಬರುತ್ತಾಳೆಂದು ಕಣ್ಣು ಹುಡುಕಿಬಿಟ್ಟಿತು. ಬಂದವಳು ಚೂಡಿದಾರದ ಇಪ್ಪತ್ತೈದರ ಹುಡುಗಿ. ಅವಳು ಆ ಮಗುವಿನ ಹೆತ್ತವ್ವ. ಮರಾಠಿಯಲ್ಲಿ ಆಯಿ ಎಂದರೆ ತಾಯಿ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ತಿಳಿದಿರುವುದು ತಲೆಗೆ. ಕಿವಿ ಅದರ ಮಾತು ಕೇಳುವುದಿಲ್ಲ.

ಅವತ್ತೇ ಮಧ್ಯಾಹ್ನ ಪಕ್ಕದ ಹಾಸಿಗೆಯ ಯಜಮಾನರು ನರ್ಸನ್ನು "ತಾಈ" ಎಂದು ಕರೆದರು. ನಮಗೆ ತಾಯಿ ಎಂದರೆ ಹೆತ್ತವಳು, ಅವರಿಗೆ ತಾಈ ಎಂದರೆ ಅಕ್ಕ. ಕೂತು ಲೆಕ್ಕ ಹಾಕಿದೆ. ನಮ್ಮ ಅಜ್ಜಿ ಇಲ್ಲಿ ತಾಯಿಯಾಗಿದ್ದಾಳೆ, ನಮ್ಮ ತಾಯಿ ಇಲ್ಲಿ ಅಕ್ಕನಾಗಿದ್ದಾಳೆ. ಕಾಗವಾಡ ದಾಟಿ ಇಪ್ಪತ್ತು ಕಿಲೋಮೀಟರ್ ಬರುವಷ್ಟರಲ್ಲಿ ನಮ್ಮ ಮನೆಯ ಹೆಂಗಸರೆಲ್ಲ ಒಂದೊಂದು ತಲೆಮಾರು ಚಿಕ್ಕವರಾಗಿಬಿಟ್ಟಿದ್ದಾರೆ. ಹಾಸಿಗೆಯ ಮೇಲೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಎಪ್ಪತ್ತೆಂಟರ ಅವ್ವನಿಗೆ ಇದನ್ನು ಹೇಳಿದೆ. ಎರಡು ದಿನದಲ್ಲಿ ಮೊದಲ ಸಲ ಅವಳು ನಕ್ಕಳು.

ನಾವು ಲಕ್ಷ್ಮೇಶ್ವರದವರು. ಹುಬ್ಬಳ್ಳಿಯಲ್ಲಿ ಆಸ್ಪತ್ರೆಗಳಿಲ್ಲವೇ ಎಂದು ಎಲ್ಲರೂ ಕೇಳಿದರು. ಇವೆ, ಬೇಕಾದಷ್ಟಿವೆ. ಆದರೆ ಅವ್ವ ಮಿರಜ ಎಂದು ಹಟ ಹಿಡಿದಳು. ಅವಳ ಅಪ್ಪನನ್ನು ಎತ್ತಿನ ಬಂಡಿಯಲ್ಲಿ ಯಲವಿಗಿ ಸ್ಟೇಶನ್ನಿಗೆ ಒಯ್ದು, ಅಲ್ಲಿಂದ ರೈಲಿನಲ್ಲಿ ಮಿರಜಕ್ಕೆ ಸಾಗಿಸಿ, ಹೊಟ್ಟೆಯ ಆಪರೇಶನ್ ಮಾಡಿಸಿ ಉಳಿಸಿಕೊಂಡು ಬಂದಿದ್ದರಂತೆ. ಅದಾದ ಮೇಲೆ ಅವರ ಮನೆಯಲ್ಲಿ ವೈದ್ಯ ಎಂಬುದಕ್ಕೂ ಮಿರಜ ಎಂಬುದಕ್ಕೂ ಒಂದೇ ಅರ್ಥ. ಇದು ಅವರ ಮನೆಯೊಂದರ ಮಾತೂ ಅಲ್ಲ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಇಲ್ಲಿ ಆಸ್ಪತ್ರೆ ಕಟ್ಟಿದರು. ಮೂರು ವರ್ಷದಲ್ಲೇ ಹುಡುಗರಿಗೆ ವೈದ್ಯ ಕಲಿಸುವ ಶಾಲೆಯನ್ನೂ ತೆರೆದರು. ಅಲ್ಲಿಂದ ಮುಂದೆ ಬೆಳಗಾವಿ, ವಿಜಾಪುರ, ಬಾಗಲಕೋಟೆ, ಧಾರವಾಡ ಸೀಮೆಯ ರೋಗಿಗಳು ನೂರು ವರ್ಷ ಈ ಊರಿನ ದಾರಿ ತುಳಿದಿದ್ದಾರೆ. "ಮಿರಜಕ್ಕ ಒಯ್ದಾರಂತ" ಎಂಬ ಮಾತು ನಮ್ಮ ಓಣಿಯಲ್ಲಿ ಕೇಳಿಬಂದರೆ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ರೋಗ ದೊಡ್ಡದು ಎಂಬ ಅಂಜಿಕೆಯೂ ಆ ಮಾತಿನಲ್ಲಿತ್ತು, ಇನ್ನು ಉಳಿಯುತ್ತಾನೆ ಎಂಬ ಧೈರ್ಯವೂ ಇತ್ತು.

ಅವ್ವನ ಹಟಕ್ಕೆ ಇನ್ನೊಂದು ಬೇರೂ ಇರಬಹುದು. ಅವಳು ಹುಟ್ಟುವ ಕಾಲಕ್ಕೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ಊರಾಗಿತ್ತು. ಪಟವರ್ಧನರ ಮನೆತನ ಕವಲೊಡೆದಾಗ ಸಾಂಗಲಿ, ಮಿರಜ, ಜಮಖಂಡಿ, ಕುರುಂದವಾಡ ಎಂದು ಬೇರೆ ಬೇರೆ ಸಂಸ್ಥಾನಗಳಾದವು. ಅವುಗಳ ಊರುಗಳು ಒಂದೆಡೆ ಇರಲಿಲ್ಲ, ಕಾಳು ಚೆಲ್ಲಿದಂತೆ ಚೆದರಿದ್ದವು. ಶಿರಹಟ್ಟಿ, ತೇರದಾಳ, ಬೆಳಗಾವಿಯ ಶಹಾಪುರ ಸಾಂಗಲಿಗೆ ಸೇರಿದ್ದವು, ಕುಂದಗೋಳ ಜಮಖಂಡಿಗೆ, ನಮ್ಮ ಲಕ್ಷ್ಮೇಶ್ವರ ಮಿರಜಕ್ಕೆ. 1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ನಮ್ಮ ಹಿರಿಯರ ಕಂದಾಯ ಮಿರಜದ ಖಜಾನೆಗೆ ಬರುತ್ತಿತ್ತು. ನನ್ನನ್ನು ಕಾಡುವುದು ಕಂದಾಯವಲ್ಲ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. 10ನೇ ಶತಮಾನದಲ್ಲಿ ಪಂಪ ತನ್ನ ಕಾವ್ಯದ ನುಡಿಗೆ ಅಳತೆಗೋಲು ಮಾಡಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಕನ್ನಡದ ತಿರುಳು ಎನಿಸಿಕೊಂಡ ಊರು ಮರಾಠಿ ಮಾತನಾಡುವ ಅರಸರ ಕೈಯಲ್ಲಿ ಅಷ್ಟು ಕಾಲ ಇದ್ದು, ಒಂದು ಅಕ್ಷರವನ್ನೂ ಕಳೆದುಕೊಳ್ಳದೆ ಹಾಗೇ ಕನ್ನಡವಾಡುತ್ತ ಉಳಿಯಿತು. ಇತ್ತ ಈ ಮಿರಜಕ್ಕಾದರೂ ಹಳೆಯ ಶಾಸನಗಳಲ್ಲಿ ಮಿರಿಂಜೆ ಎಂಬ ಹೆಸರಿದೆ. ಆ ಹೆಸರನ್ನು ಬಾಯಲ್ಲಿ ಹೇಳಿಕೊಂಡರೆ ಊರು ಸ್ವಲ್ಪ ಹತ್ತಿರ ಸರಿದಂತಾಗುತ್ತದೆ.

ಆದರೂ ಮನಸ್ಸು ಹತ್ತಲಿಲ್ಲ. "ಮನಸ್ಸ ಹತ್ತವಲ್ದು" ಎನ್ನುವುದು ನಮ್ಮ ಕಡೆಯ ಮಾತು. ಹೊಸದಾಗಿ ಗಂಡನ ಮನೆಗೆ ಹೋದ ಹುಡುಗಿ ತವರಿಗೆ ಬಂದಾಗ ಮೊದಲು ಹೇಳುವ ಮಾತು ಇದು. ಒಲೆ ಹತ್ತುವಂತೆ, ಅಂಟು ಹತ್ತುವಂತೆ ಮನಸ್ಸು ಒಂದು ಜಾಗಕ್ಕೆ ಹತ್ತಬೇಕು; ಹತ್ತದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ, ಮಲಗಿದರೆ ನಿದ್ದೆಯೂ ಹತ್ತುವುದಿಲ್ಲ. ನಾಲ್ಕನೆಯ ದಿನ ನಾನು ಕಿಟಕಿಯಲ್ಲಿ ನಿಂತಿದ್ದಾಗ ತಾಸಗಾವದ ಹೆಣ್ಣುಮಗಳೊಬ್ಬಳು ಹತ್ತಿರ ಬಂದು "ಕರಮತ ನಾಹೀ ಕಾ?" ಎಂದು ಕೇಳಿದಳು. ಗಂಡನಿಗೆ ಎಲುಬು ಮುರಿದು ಅವಳೂ ಇಲ್ಲೇ ಬಿದ್ದಿದ್ದಳು. ಮನೆಯಲ್ಲಿ ದ್ರಾಕ್ಷಿ ತೋಟ ಕೊಯ್ಲಿಗೆ ಬಂದಿತ್ತು. ಕರಮತ ನಾಹೀ ಎಂಬುದು ನಮ್ಮ ಹತ್ತವಲ್ದು ಎಂಬುದರ ಮರಾಠಿ ಜೋಡಿ. ಹೊತ್ತು ಹೋಗುತ್ತಿಲ್ಲ, ಒಗ್ಗುತ್ತಿಲ್ಲ, ಯಾರೋ ಇಲ್ಲ, ಏನೋ ಇಲ್ಲ, ಎಲ್ಲ ಸೇರಿ ಎರಡು ಶಬ್ದ. ಇಂಥದೊಂದು ಮಾತು ಇಟ್ಟುಕೊಂಡಿರುವ ಜನಕ್ಕೆ ಬೇರೆಯವರ ಸಂಕಟ ಬೇಗ ತಿಳಿಯುತ್ತದೆ. ನಾನು "ನಾಹೀ" ಎಂದೆ. ಅವಳು ತನ್ನ ಚೀಲದಿಂದ ಒಣದ್ರಾಕ್ಷಿಯ ಒಂದು ಹಿಡಿ ತೆಗೆದು ನನ್ನ ಕೈಗೆ ಸುರಿದಳು.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ನಾನು ಐದು ತಿಂಗಳು ಇದ್ದು ಬಂದವಳು. ಅಲ್ಲಿ ಊರ ನೆನಪು ವಾರಕ್ಕೊಮ್ಮೆ ದೊಡ್ಡ ಅಲೆಯಾಗಿ ಬರುತ್ತಿತ್ತು, ಅತ್ತು ಮುಗಿಸಿದರೆ ಮತ್ತೆ ಒಂದು ವಾರ ನಿರುಮ್ಮಳ. ಯಾಕೆಂದರೆ ಅಲ್ಲಿ ಊರನ್ನು ನೆನಪಿಸುವ ವಸ್ತುವೇ ಇರಲಿಲ್ಲ. ಹಿಮ, ಅಗಲ ರಸ್ತೆ, ಮುಚ್ಚಿದ ಬಾಗಿಲುಗಳು, ಒಂದೂ ನಮ್ಮದಲ್ಲ. ಮಿರಜದಲ್ಲಿ ಹಾಗಲ್ಲ. ಇಲ್ಲಿ ಎಲ್ಲವೂ ನಮ್ಮದೇ, ಒಂದು ಕೂದಲೆಳೆ ಮಾತ್ರ ಬೇರೆ. ಅಂಗಡಿಯ ಮುಂದೆ ಟೊಪ್ಪಿಗೆಯ ಮುದುಕರು ಕೂತಿರುವ ರೀತಿ ನಮ್ಮದು, ಆಡುವ ಮಾತು ಬೇರೆ. ಅಡಕತ್ತರಿ ಅಡಕಿತ್ತಾ ಆಗಿದೆ, ತುಪ್ಪ ತೂಪ ಆಗಿದೆ. ದೂರದ ನಾಡಿನಲ್ಲಿ ಊರು ದೂರವಿರುತ್ತದೆ, ಸರಿ. ಇಲ್ಲಿ ಹೆಜ್ಜೆಹೆಜ್ಜೆಗೂ ಇದೋ ಬಂತು ಎನಿಸಿ ಮತ್ತೆ ತಪ್ಪಿಹೋಗುತ್ತದೆ. ಇಪ್ಪತ್ತೆರಡು ದಿನದಲ್ಲಿ ನನಗೆ ಊರು ಎಷ್ಟು ಸಲ ನೆನಪಾಯಿತೋ ಆ ಐದು ತಿಂಗಳಲ್ಲಿ ಅಷ್ಟು ಸಲ ನೆನಪಾಗಿರಲಿಲ್ಲ.

ಊಟದ ವಿಷಯ ನೋಡಿ. ಆಸ್ಪತ್ರೆಯ ಎದುರಿನ ಖಾನಾವಳಿಯಲ್ಲಿ ಜೋಳದ ಭಾಕರಿ, ಬದನೆಕಾಯಿ, ಹಸಿಮೆಣಸಿನಕಾಯಿಯ ಠೇಚಾ. ಕೃಷ್ಣೆಯ ದಂಡೆಯ ಬದನೆಕಾಯಿ ಈ ಸೀಮೆಗೆಲ್ಲ ಹೆಸರಾದದ್ದು; ತುಂಬುಗಾಯಿ ಬಾಯಲ್ಲಿಟ್ಟರೆ ಬೆಣ್ಣೆ. ಊಟ ಚೆನ್ನಾಗಿಯೇ ಇತ್ತು ಎಂದು ಮನಸಾರೆ ಹೇಳುತ್ತೇನೆ. ಆದರೆ ಭಾಕರಿ ನಮ್ಮ ರೊಟ್ಟಿಗಿಂತ ದಪ್ಪ. ಅವ್ವ ತಾಟು ಹತ್ತಿರ ಎಳೆದುಕೊಂಡು, ಒಂದು ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸವರಿ ನೋಡಿ, "ರೊಟ್ಟಿ ಬಡದಾಕಿ ಕೈ ಬ್ಯಾರೆ ಐತಿ" ಎಂದಳು. ರುಚಿ ನೋಡುವ ಮೊದಲೇ ಹೇಳಿದ ಮಾತು ಅದು. ಅರವತ್ತು ವರ್ಷ ದಿನಾ ರೊಟ್ಟಿ ಬಡಿದ ಕೈಗೆ ಇನ್ನೊಂದು ಕೈಯ ಗುರುತು ಬೆರಳ ತುದಿಯಲ್ಲೇ ಹತ್ತುತ್ತದೆ. ಸಂಜೆಗೆ ನಾನು ಭಡಂಗ ತಂದೆ. ಬೆಳ್ಳುಳ್ಳಿ, ಶೇಂಗಾ, ಕೆಂಪು ಖಾರ ಹಾಕಿ ಎಣ್ಣೆಯಲ್ಲಿ ಹೊರಳಿಸಿದ ಚುರುಮುರಿ. ಸಾಂಗಲಿಯವರು ಊರಿಂದ ಊರಿಗೆ ಹೊತ್ತೊಯ್ಯುವ ತಿಂಡಿ. ಅದು ಗರಿಗರಿ ಇತ್ತು. ನಮ್ಮ ಗಿರ್ಮಿಟ್ಟು ಹುಣಸೆಹುಳಿಯ ಉಳ್ಳಾಗಡ್ಡಿ ಮಸಾಲೆಯಲ್ಲಿ ನೆನೆದು ಮೆತ್ತಗಿರುತ್ತದೆ. ಭಡಂಗ ತಿನ್ನುತ್ತ ತಿನ್ನುತ್ತ ನನಗೆ ಗಿರ್ಮಿಟ್ಟಿನ ಮೇಲಿನ ಹಸಿ ಉಳ್ಳಾಗಡ್ಡಿ, ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ, ಬಜಾರದ ಮಳೆ, ಹತ್ತನೇ ಇಯತ್ತೆಯ ಗೆಳತಿಯರು, ಎಲ್ಲ ಒಂದರ ಬೆನ್ನಿಗೊಂದು ಬಂದರು.

ಆರನೆಯ ದಿನ ನಮ್ಮ ಕೋಣೆಗೆ ಜತ್ತ ತಾಲೂಕಿನ ಹೆಂಗಸೊಬ್ಬರು ಬಂದು ಸೇರಿದರು. ಜತ್ತ ಸಾಂಗಲಿ ಜಿಲ್ಲೆಯದೇ, ಆದರೆ ಅದರ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಮೊದಲ ಎರಡು ದಿನ ನಾವು ಅವರನ್ನು ಮರಾಠಿಯವರೆಂದೇ ತಿಳಿದಿದ್ದೆವು. ಡಾಕ್ಟರೊಡನೆ, ನರ್ಸಿನೊಡನೆ, ಔಷಧಿ ಅಂಗಡಿಯಲ್ಲಿ ಎಲ್ಲೆಡೆ ಅವರದು ಸರಾಗ ಮರಾಠಿ. ಮೂರನೆಯ ದಿನ ಗಾಯದ ಪಟ್ಟಿ ಬದಲಿಸುವಾಗ ಪರದೆಯ ಆಚೆಯಿಂದ "ಯವ್ವಾ... ಸತ್ನೆವ್ವಾ... ಸಾವಕಾಶ ಮಾಡ್ರಿ ನಮ್ಮಪ್ಪಾ" ಎಂಬ ಕೂಗು ಬಂತು. ಅವ್ವ ಮಲಗಿದ್ದಲ್ಲಿಂದ ಅರ್ಧ ಎದ್ದು "ಕನ್ನಡದಾಕಿ ಅದಾಳಲ್ಲ!" ಎಂದಳು. ಆಮೇಲೆ ಅವರಿಬ್ಬರ ಮಾತು ನಿಲ್ಲಲೇ ಇಲ್ಲ. ಮನೆಯ ಕಾಗದಪತ್ರವೆಲ್ಲ ಮರಾಠಿ, ಮಕ್ಕಳು ಕಲಿತದ್ದು ಕನ್ನಡ, ಈಗ ಮೊಮ್ಮಕ್ಕಳನ್ನು ಯಾವುದಕ್ಕೆ ಹಾಕಬೇಕೆಂದು ಮನೆಯಲ್ಲಿ ವಾದ. ನಿಮಗೆ ಯಾವ ಊರು ನಮ್ಮೂರು ಅನಿಸುತ್ತದೆ ಎಂದು ನಾನು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಮ್ಮ ಹೊಲ ಎಲ್ಲೈತಿ, ಅದಽ ನಮ್ಮೂರು" ಎಂದರು. ರಾಜಕಾರಣಿಗಳು ವರ್ಷಕ್ಕೊಮ್ಮೆ ಎತ್ತುವ ಗಡಿಯ ಗದ್ದಲವನ್ನು ನಾನು ಪತ್ರಿಕೆಯಲ್ಲಿ ಓದುತ್ತ ಬಂದವಳು. ನೋವಾದಾಗ ಯಾವ ಭಾಷೆ ಬಾಯಿಗೆ ಬರುತ್ತದೆ ಎಂಬುದನ್ನು ಕಿವಿಯಾರೆ ಕೇಳಿದ್ದು ಇಲ್ಲಿಯೇ.

ಮಿರಜ ಸ್ಟೇಶನ್ನು ಆಸ್ಪತ್ರೆಗೆ ಹತ್ತಿರ. ರಾತ್ರಿ ರೈಲಿನ ಸಿಳ್ಳು ಕೇಳಿಸಿದಾಗಲೆಲ್ಲ ನಾನು ಅಪ್ಪನನ್ನು ನೆನೆಯುತ್ತಿದ್ದೆ. ಅಪ್ಪ ಎಂಬತ್ತರ ದಶಕದಲ್ಲಿ ಮುಂಬಯಿಯ ಗಿರಣಿ ಅಂಗಡಿಗಳಿಂದ ಬಟ್ಟೆ ತರಲು ಹೋಗುತ್ತಿದ್ದರು. 1971ರ ಹೊತ್ತಿಗೆ ಪುಣೆಯಿಂದ ಮಿರಜದವರೆಗಿನ ಹಳಿ ಬ್ರಾಡ್ ಗೇಜ್ ಆಗಿತ್ತು, ಬೆಂಗಳೂರು, ಹುಬ್ಬಳ್ಳಿ ಕಡೆಯದು ತೊಂಬತ್ತರ ದಶಕದವರೆಗೂ ಮೀಟರ್ ಗೇಜ್. ಕುರ್ಡುವಾಡಿ, ಲಾತೂರಿನ ಕಡೆಗೆ ಹೋಗುತ್ತಿದ್ದದ್ದು ಅದಕ್ಕಿಂತ ಕಿರಿದಾದ ನ್ಯಾರೋ ಗೇಜ್. ಆಗ ಮೂರು ಅಳತೆಯ ಹಳಿ ಕೂಡುವ ಜಂಕ್ಷನ್ ಇದಾಗಿತ್ತು. ಹಾಗಾಗಿ ಈ ದಾರಿಯಲ್ಲಿ ಮುಂಬಯಿಗೆ ಹೋಗುವ ಕನ್ನಡಿಗರೆಲ್ಲ ಇಲ್ಲಿ ಇಳಿದು, ಹಾಸಿಗೆಸುರುಳಿ, ಬುತ್ತಿಗಂಟು, ಮಕ್ಕಳು ಎಲ್ಲವನ್ನೂ ಎತ್ತಿಕೊಂಡು ಆ ಕಡೆಯ ಗಾಡಿಗೆ ಓಡಬೇಕಿತ್ತು. "ಮಿರಜದಾಗ ಇಳದ್ವಿ ಅಂದ್ರ ಕನ್ನಡ ಮುಗೀತು" ಎನ್ನುತ್ತಿದ್ದರು ಅಪ್ಪ. ಬುತ್ತಿಯ ಕೊನೆಯ ರೊಟ್ಟಿಯನ್ನು ಅವರು ಬೇಕೆಂದೇ ಮಿರಜಕ್ಕೆ ಉಳಿಸಿಕೊಳ್ಳುತ್ತಿದ್ದರಂತೆ, ಪ್ಲಾಟ್‌ಫಾರ್ಮಿನ ಮೇಲೆ ಕೂತು ತಿಂದು ಆಮೇಲೆ ದೊಡ್ಡ ಗಾಡಿ ಹತ್ತುವುದು. ತಿರುಗಿ ಬರುವಾಗ ಇದೇ ಸ್ಟೇಶನ್ನಿನಲ್ಲಿ ಸಣ್ಣ ಗಾಡಿಯ ಬಾಗಿಲಿಗೆ ಕಾಲಿಟ್ಟರೆ ಒಳಗಿಂದ ಕನ್ನಡ ಕೇಳಿಸುತ್ತಿತ್ತು. "ಅಲ್ಲೇ ಮನಿ ಮುಟ್ಟಿದಂಗ" ಎನ್ನುತ್ತಿದ್ದರು. ಒಂದು ದಿನ ಸಂಜೆ ನಾನು ಸುಮ್ಮನೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಒಂದು ಬೆಂಚಿನ ಮೇಲೆ ಅರ್ಧ ತಾಸು ಕೂತು ಬಂದೆ. ಈಗ ಒಂದೇ ಅಳತೆಯ ಹಳಿ. ಯಾರೂ ಇಳಿದು ಓಡಬೇಕಿಲ್ಲ.

ಅವ್ವ ಮಧ್ಯಾಹ್ನ ಮಲಗುವ ಹೊತ್ತಿಗೆ ಜತ್ತದವರಿಗೆ ಒಂದು ಮಾತು ಹೇಳಿ ನಾನು ಸಾಂಗಲಿಗೆ ಹೋಗಿಬರುತ್ತಿದ್ದೆ. ಹತ್ತು ಕಿಲೋಮೀಟರ್, ನಡುವೆ ವಿಶ್ರಾಮಬಾಗ. ಸಾಂಗಲಿ ಅರಿಸಿನದ ಪೇಟೆ. ಆಚೆ ಹರಿಪುರದಲ್ಲಿ ಕೃಷ್ಣೆಗೆ ವಾರಣೆ ಬಂದು ಸೇರುವ ಕಡೆ ನೆಲದೊಳಗೆ ತೋಡಿದ ಹಗೇವುಗಳಲ್ಲಿ ಅರಿಸಿನ ತುಂಬಿಡುತ್ತಿದ್ದರು, ಅವರು ಅದಕ್ಕೆ ಪೇವ ಎನ್ನುತ್ತಾರೆ. ಆದರೆ ನನ್ನನ್ನು ಮತ್ತೆ ಮತ್ತೆ ಎಳೆದದ್ದು ಸಾಂಗಲಿಯ ಇನ್ನೊಂದು ಕಥೆ. ಮರಾಠಿಗರು ಈ ಊರನ್ನು ತಮ್ಮ ನಾಟಕದ ತವರು ಎನ್ನುತ್ತಾರೆ. 1843ರ ನವೆಂಬರ್ 5ರಂದು ವಿಷ್ಣುದಾಸ ಭಾವೆ ಇಲ್ಲಿ 'ಸೀತಾ ಸ್ವಯಂವರ' ಆಡಿದರು. ಇವತ್ತಿಗೂ ಆ ದಿನ ಮರಾಠಿ ರಂಗಭೂಮಿ ದಿನ. ಅದರ ಹಿಂದಿನ ವರ್ಷ, 1842ರಲ್ಲಿ, ಹೊನ್ನಾವರದ ಹತ್ತಿರದ ಕರ್ಕಿಯಿಂದ ಒಂದು ಭಾಗವತ ಮೇಳ ಸಾಂಗಲಿಗೆ ಬಂದು ಆಟ ಆಡಿತ್ತು. ಅದನ್ನು ನೋಡಿದ ಅರಸ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಇಂಥದ್ದನ್ನು ಮರಾಠಿಯಲ್ಲಿ ಮಾಡಬೇಕೆಂದು ಭಾವೆಯವರಿಗೆ ಹೇಳಿದರು.

ನಾಟಕದ ಚರಿತ್ರೆ ಬರೆಯುವವರು ಇಷ್ಟು ಹೇಳಿ ಮುಂದೆ ಹೋಗುತ್ತಾರೆ. ನನ್ನ ಮನಸ್ಸು ಆ ಮೇಳದವರ ಬಳಿಯೇ ನಿಂತಿತು. ಕರಾವಳಿಯಿಂದ ಘಟ್ಟ ಹತ್ತಿ, ಬಣ್ಣದ ಪೆಟ್ಟಿಗೆ, ಕಿರೀಟ, ಮದ್ದಳೆ ಹೊತ್ತುಕೊಂಡು ಅಷ್ಟು ದೂರ ಬಂದವರು. ತೆಂಗಿನಕಾಯಿ ಸಿಗದ ಊರು, ಕುಚ್ಚಲಕ್ಕಿ ಗಂಜಿಯ ಬದಲು ಜೋಳ, ಅಡಕೆ ತೋಟದ ತಂಪಿನ ಬದಲು ಕರಿಮಣ್ಣಿನ ಬಯಲು. ರಾತ್ರಿ ದೀವಟಿಗೆ ಬೆಳಕಿನಲ್ಲಿ ಸುಗ್ರೀವನೋ ರಾವಣನೋ ಆಗಿ ಕುಣಿದು, ಬೆಳಗಿನ ಜಾವ ಬಣ್ಣ ತೊಳೆದು ಮಲಗಿದ ಮೇಲೆ ಅವರಲ್ಲೊಬ್ಬ ಹುಡುಗನಿಗಾದರೂ ಮನಸ್ಸು ಹತ್ತಿರಲಿಕ್ಕಿಲ್ಲ. ಎದುರಿಗೆ ಕೂತವರಿಗೆ ತನ್ನ ಮಾತು ಪೂರ್ತಿ ತಿಳಿಯುವುದಿಲ್ಲವೆಂದು ಗೊತ್ತಿದ್ದೂ ಅವನು ರಾತ್ರಿಯಿಡೀ ಆಡಿದ. ಆ ಜನ ತಿಳಿಯದ ಮಾತಿನ ಆಟವನ್ನು ಕೊನೆಯವರೆಗೆ ನೋಡಿದರು. ಎಂಥ ಒಳ್ಳೆಯ ನೋಡುಗರು ಅವರು! ಕೃಷ್ಣೆಯ ದಂಡೆಯ ಗಣಪತಿ ಗುಡಿಯ ಕಟ್ಟೆಯ ಮೇಲೆ ಕೂತು ನಾನು ಆ ಹುಡುಗನನ್ನು ಬಹಳ ಹೊತ್ತು ನೆನೆದೆ.

ವಿಶ್ರಾಮಬಾಗದ ವಿಲಿಂಗ್ಡನ್ ಕಾಲೇಜಿನ ಮುಂದೆಯೂ ಒಂದು ದಿನ ಇಳಿದೆ. ವಿ.ಕೃ. ಗೋಕಾಕರು ಇಲ್ಲಿ ಪ್ರಾಚಾರ್ಯರಾಗಿದ್ದರು. ರಂ.ಶ್ರೀ. ಮುಗಳಿಯವರಂತೂ ಇಲ್ಲಿ ದೀರ್ಘಕಾಲ ಕನ್ನಡ ಕಲಿಸಿದರು. ಮುಗಳಿಯವರು ನಮ್ಮ ಗದಗ ಸೀಮೆಯ ಹೊಳೆಆಲೂರಿನವರು. ನಾನು ಎಂ.ಎ. ಓದುವಾಗ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದ ಅವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಪಂಪನಿಂದ ಹಿಡಿದು ಇಡೀ ಕನ್ನಡವನ್ನು ಒಬ್ಬ ಮನುಷ್ಯ ಮರಾಠಿ ಮಾತಿನ ಊರಿನಲ್ಲಿ ಬದುಕು ನಡೆಸುತ್ತ ಕೂಡಿಸಿಟ್ಟ. ಕಿಟಕಿಯ ಹೊರಗೆ ತರಕಾರಿಯವನ ಮರಾಠಿ, ಮೇಜಿನ ಮೇಲೆ ಪುಲಿಗೆರೆಯ ಕನ್ನಡ. ಊರಿನಲ್ಲೇ ಇದ್ದಿದ್ದರೆ ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕುತ್ತಿದ್ದರೋ ಇಲ್ಲವೋ. ಊರಿನ ಹಂಬಲ ಕೆಲವರನ್ನು ಅಳಿಸುತ್ತದೆ. ಮುಗಳಿಯವರಿಗೆ ಅದು ನೂರಾರು ಪುಟ ಬರೆಯುವ ಬಲ ಕೊಟ್ಟಿರಬೇಕೆಂದು ನಾನು ನಂಬುತ್ತೇನೆ.

ಎಲ್ಲ ಭೇಟಿಗಳೂ ಹೀಗೆ ಹಿತವಾಗಿರಲಿಲ್ಲ. ಸಾಂಗಲಿಯ ಹಳೆಯ ಐರ್ವಿನ್ ಸೇತುವೆಯ ಬಳಿ ಚಹಾದಂಗಡಿಯಲ್ಲಿ ನಿಂತಿದ್ದೆ. ಮಳೆಗಾಲದಲ್ಲಿ ಊರೆಲ್ಲ ಈ ಸೇತುವೆಯ ನೀರಿನ ಮಟ್ಟ ಎಷ್ಟು ಫೂಟು ಎಂದು ಕೇಳುತ್ತ ನಿದ್ದೆಗೆಡುತ್ತದೆ. 2005ರಲ್ಲಿ, ಆಮೇಲೆ 2019ರ ಆಗಸ್ಟಿನಲ್ಲಿ ನೀರು ಬೀದಿಬೀದಿಗೆ ನುಗ್ಗಿತ್ತು. ನನ್ನ ಮರಾಠಿಯಿಂದಲೇ ನಾನು ಯಾವ ಕಡೆಯವಳೆಂದು ಗುರುತಿಸಿದ ಹಿರಿಯರೊಬ್ಬರು "ನಿಮ್ಮ ಆಲಮಟ್ಟಿಯ ಗೇಟು ತೆಗೆಯದೆ ನಮ್ಮ ಮನೆ ಮುಳುಗಿತು" ಎಂದರು. ಅವರ ದನಿಯಲ್ಲಿ ಜಗಳವಿರಲಿಲ್ಲ, ಮನೆ ಕಳೆದುಕೊಂಡವನ ದಣಿವಿತ್ತು. ಇನ್ನೂರು ಕಿಲೋಮೀಟರಿಗೂ ಹೆಚ್ಚು ಕೆಳಗಿರುವ ಆ ಕಟ್ಟೆಯ ಹಿನ್ನೀರು ಸಾಂಗಲಿಯವರೆಗೆ ಮುಟ್ಟುತ್ತದೆಯೇ ಎಂಬುದು ಎರಡು ಸರಕಾರಗಳು ಇನ್ನೂ ವಾದಿಸುತ್ತಿರುವ ವಿಷಯ. ನಾನೇನು ಹೇಳಲಿ? ಪರ ಊರಿನಲ್ಲಿ ನಿಂತಾಗ ನಾವು ನಾವಷ್ಟೇ ಆಗಿ ಉಳಿಯುವುದಿಲ್ಲ. ನಮ್ಮ ನಾಡಿನ ಕಟ್ಟೆ, ಗೇಟು, ಸರಕಾರ ಎಲ್ಲ ನಮ್ಮ ಹೆಗಲ ಮೇಲೆ ಕೂರುತ್ತವೆ. ನನ್ನ ಚಿಗವ್ವನ ಮನೆ ಹಳೆ ಬಾಗಲಕೋಟೆಯಲ್ಲಿತ್ತು, ಅದೇ ಆಲಮಟ್ಟಿಯ ನೀರಿನಲ್ಲಿ ಅವರ ಓಣಿ ಹೋಯಿತು, ಅವರೀಗ ನವನಗರದಲ್ಲಿದ್ದಾರೆ, ಬೇಸಿಗೆಯಲ್ಲಿ ನೀರಿಳಿದಾಗ ಹೋಗಿ ತಮ್ಮ ಮನೆಯ ಪಾಯ ಹುಡುಕುತ್ತಾರೆ ಎಂದು ಹರಕುಮುರುಕು ಮರಾಠಿಯಲ್ಲಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು. ಕೆಳಗೆ ಕೃಷ್ಣೆ ನಮ್ಮ ನಾಡಿನ ಕಡೆಗೇ ಹರಿಯುತ್ತಿದ್ದಳು.

ಮಿರಜದಲ್ಲಿ ನನಗೆ ಕೊನೆಗೂ ಮನಸ್ಸು ಹತ್ತಿದ ಒಂದು ಜಾಗವೆಂದರೆ ಮೀರಾಸಾಹೇಬ ದರ್ಗಾ. ಅಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. ಅವರು ಹುಟ್ಟಿದ್ದು 1872ರಲ್ಲಿ, ಉತ್ತರದ ಕೈರಾನಾದಲ್ಲಿ; ನಾವು ಕಿರಾನಾ ಘರಾಣೆ ಎನ್ನುವುದು ಆ ಊರಿನ ಹೆಸರಿನಿಂದಲೇ. ಜಡ್ಡಾದಾಗ ಈ ದರ್ಗಾಕ್ಕೆ ಬಂದು ಹಾಡಿ ಗುಣವಾದರು, ಆಮೇಲೆ ಇಲ್ಲೇ ನೆಲೆಸಿದರು ಎಂಬುದು ಮಿರಜದವರು ಹೇಳುವ ಕಥೆ. ಮೈಸೂರಿನ ಆಸ್ಥಾನಕ್ಕೆ ಹೋಗುವಾಗ ಬರುವಾಗ ಧಾರವಾಡ, ಹುಬ್ಬಳ್ಳಿ, ಕುಂದಗೋಳ ಅವರಿಗೆ ತಂಗುವ ಊರುಗಳು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲೆಂದು ಖಾನಸಾಹೇಬರು ಅವರ ಮನೆಗೇ ಬರುತ್ತಿದ್ದರು. ಗದಗಿನ ಹನ್ನೊಂದರ ಹುಡುಗ ಭೀಮಸೇನ 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ್ದು ಖಾನಸಾಹೇಬರ ಗ್ರಾಮಫೋನ್ ತಟ್ಟೆ ಕೇಳಿದ ಗುಂಗಿನಲ್ಲಿ. 1937ರ ಅಕ್ಟೋಬರ್ 27ರಂದು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಖಾನಸಾಹೇಬರು ಕೊನೆಯುಸಿರೆಳೆದರು. ದೇಹವನ್ನು ಮಣ್ಣು ಮಾಡಿದ್ದು ಮಿರಜದಲ್ಲಿ. ಹುಟ್ಟಿದೂರು ಬೇರೆ, ಸತ್ತದ್ದು ದಾರಿಯಲ್ಲಿ. ಆದರೂ ಜನಕ್ಕೆ ಅವರನ್ನು ಎಲ್ಲಿಗೆ ತರಬೇಕೆಂಬ ಅನುಮಾನ ಬರಲಿಲ್ಲ. ಒಬ್ಬ ಮನುಷ್ಯನ ಊರು ಯಾವುದೆಂದು ಅವನ ಸುತ್ತಲಿನವರು ಅಷ್ಟು ಖಚಿತವಾಗಿ ಹೇಳಬಲ್ಲರೆಂದರೆ ಅದು ದೊಡ್ಡ ಪುಣ್ಯ.

ದರ್ಗಾಕ್ಕೆ ಹತ್ತಿರದಲ್ಲೇ ಸಿತಾರ ಮಾಡುವವರ ಓಣಿ. ಇವರು ಶಿಕಲಗಾರರು. ಹಿಂದೆ ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದವರು. ಆಯುಧಗಳ ಕಾಲ ಮುಗಿದ ಮೇಲೆ, 19ನೇ ಶತಮಾನದ ನಡುವಿನ ಹೊತ್ತಿಗೆ, ಫರೀದಸಾಹೇಬ ಎಂಬ ಹಿರಿಯರಿಂದ ಸಿತಾರ, ತಂಬೂರಿಯ ಕಸುಬು ಬೆಳೆಯಿತು. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಜಿಐ ಗುರುತು ಸಿಕ್ಕಿತು. ಬುರುಡೆಗೆ ಬೇಕಾದ ದೊಡ್ಡ ಸೋರೆ ಪಂಢರಪುರದ ಕಡೆಯಿಂದ ಬರುತ್ತದೆ. ಅಂಗಡಿಯ ಅಟ್ಟದ ತುಂಬ ಒಣಗಿದ ಬುರುಡೆಗಳು, ನೆಲದ ಮೇಲೆ ಮರದ ಹೊಟ್ಟು, ಅರಗಿನ ವಾಸನೆ.

ನಾನು ದಿನಾ ಹೋಗಿ ಕೂರುತ್ತಿದ್ದ ಅಂಗಡಿಯ ಕುಶಲಿಗರಿಗೆ ಧಾರವಾಡದ ಗಿರಾಕಿಗಳಿಂದಾಗಿ ಕನ್ನಡ ಬರುತ್ತಿತ್ತು. ಅವರು ಒಂದು ಹಳೆ ತಂಬೂರಿಯ ಕುದುರೆಯನ್ನು ಕಾನಸಿನಿಂದ ಉಜ್ಜುತ್ತಿದ್ದರು. ಒಂದು ಸಲ ಉಜ್ಜುವುದು, ತಂತಿ ಬಿಗಿಯುವುದು, ಕೆಳಗೆ ನೂಲಿನ ಎಳೆ ಸರಿಸುವುದು, ಮೀಟಿ ಕಿವಿಗೊಡುವುದು, ತಲೆಯಾಡಿಸಿ ಮತ್ತೆ ಬಿಚ್ಚುವುದು. "ಏನು ಮಾಡ್ತೀರಿ?" ಎಂದೆ. "ಜವಾರಿ ತೆಗೀತೀನ್ರಿ" ಎಂದರು. ನನಗೆ ಒಂದು ಕ್ಷಣ ಎದೆ ಜುಂ ಎಂದಿತು. ನಮ್ಮ ಕಡೆ ಜವಾರಿ ಎಂದರೆ 'ನಮ್ಮೂರಿನದು'. ಜವಾರಿ ಸೌತೆ, ಜವಾರಿ ಕೋಳಿ, ಜವಾರಿ ಮೆಣಸಿನಕಾಯಿ, ಜವಾರಿ ಮಾತು. ಇವರ ಕಸುಬಿನಲ್ಲಿ ಜವಾರಿ ಎಂದರೆ ತಂತಿ ಕುದುರೆಯ ಮೇಲೆ ಅರೆಮುಟ್ಟಿ ಅರೆಬಿಟ್ಟು ಮಿಡಿದು, ಒಂದು ಸ್ವರದಿಂದ ಹತ್ತಾರು ಒಳಸ್ವರ ಬಿಚ್ಚಿಕೊಳ್ಳುವ ಆ ಝೇಂಕಾರ. ತಂತಿ ಪೂರ್ತಿ ಕೂತರೆ ಮಂಕು ದನಿ, ಪೂರ್ತಿ ಎದ್ದರೆ ಒಣ ದನಿ. ಮುಟ್ಟಿಯೂ ಮುಟ್ಟದ ಜಾಗ ಒಂದಿದೆ, ಅಲ್ಲಿ ಜೀವ ಬರುತ್ತದೆ. ಆ ನೂಲಿಗೂ ಹೆಸರು ಜೀವಾಳ ಎಂದೇ. ಎರಡು ಜವಾರಿಗಳ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ. ನನ್ನ ಪಾಲಿಗೆ ಅವು ಆ ಮಧ್ಯಾಹ್ನ ಕೂಡಿಕೊಂಡವು, ಅಷ್ಟೇ. ಮಿರಜ ನನ್ನನ್ನು ಮುಟ್ಟಿಯೂ ಮುಟ್ಟದೆ ಇಪ್ಪತ್ತು ದಿನ ಮಿಡಿಸಿದ್ದು ಯಾವ ರೀತಿ ಎಂದು ಆಗ ತಿಳಿಯಿತು.

ಬಿಡುಗಡೆಯಾದ ದಿನ ಸ್ಟೇಶನ್ನಿಗೆ ಹೋಗುವ ರಿಕ್ಷಾವನ್ನು ಆ ಓಣಿಯ ಕಡೆ ತಿರುಗಿಸಿದೆ. ಅವ್ವನಿಗೆ ಇಳಿಯಲಾಗದು. ಕಾಲು ಚಾಚಿಕೊಂಡು ರಿಕ್ಷಾದಲ್ಲೇ ಕೂತಿದ್ದಳು. ಕುಶಲಿಗರು ಅದೇ ತಂಬೂರಿಯನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತು ನಾಲ್ಕೂ ತಂತಿ ಮೀಟಿದರು. ಓಣಿಯ ಗದ್ದಲದಲ್ಲೂ ಅದು ತುಂಬಿಕೊಂಡು ಬಂತು. ಅವ್ವ ಕಣ್ಣು ಮುಚ್ಚಿದಳು. "ಹಿಂದಿನ ಓಣಿ ಹಾಡಿನ ಮಾಸ್ತರ ಮನಿ ಮುಂದ ನಿಂತಂಗಾತು" ಎಂದಳು. ನಸುಕಿನಲ್ಲಿ ನೀರಿಗೆ ಹೋಗುವಾಗ ಅವರ ಮನೆಯಿಂದ ಬರುತ್ತಿದ್ದ ತಂಬೂರಿಯ ದನಿಯನ್ನು ಅವಳು ಇಡೀ ಬಾಲ್ಯ ಕೇಳಿದ್ದಳು. ಆ ತಂಬೂರಿಯೂ ಮಿರಜದ್ದೇ ಇದ್ದೀತು.

"ಇದು ಯಾವೂರಿಗೆ ಹೋಗೂದ್ರಿ?" ಎಂದು ಅವ್ವ ಕೇಳಿದಳು.

"ಧಾರವಾಡಕ್ಕ, ಅಮ್ಮಾರ."

"ಹಂಗಾರ ನಮ್ಮ ಸಂಗಾಟ ಕೊಡ್ರಿ. ನಾವೂ ಆ ಕಡೀಗೇ ಹೊಂಟೇವಿ. ತೊಡಿ ಮ್ಯಾಲೆ ಇಟ್ಕೊಂಡು ಒಯ್ತೀನಿ."

ಅವರು ಒಂದು ತಂತಿಯನ್ನು ಮತ್ತೆ ಮೀಟಿ, ಕಿವಿಯನ್ನು ಬುರುಡೆಗೆ ಹತ್ತಿರ ತಂದರು. "ಇನ್ನಾ ಎಲ್ಡ ದಿನ ಬೇಕ್ರಿ" ಎಂದರು. "ಖರಜದ ತಂತಿದು ಜವಾರಿ ಬಂದಿಲ್ಲ."